ದುಡ್ಡು ಒಂದು ರಾತ್ರಿ ಮಲಗಬೇಕು

ತೊಂಬತ್ತೊಂಬತ್ತನೇ ಇಸವಿಯಲ್ಲಿ ವನಜಮ್ಮ ಟೀಚರ್ ನಿವೃತ್ತರಾದಾಗ ಸೊರಬದ ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂದು ಸಮಾರಂಭ ಮಾಡಿದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಇತ್ತು. ಭಾಷಣಕ್ಕೆ ನಿಂತ ಒಬ್ಬರು, 'ನೂರಾರು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿದ ಮಹಾತಾಯಿ' ಎಂದುಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಹೊಲಿಗೆಯಂತೆ! ಆ ಮಹಾತಾಯಿಗೆ ನೆಟ್ಟಗೆ ಒಂದು ಕಾಜಾ ಮಾಡಲು ಬರುತ್ತಿರಲಿಲ್ಲ. ಅವರು ನಿಂತು ಹೇಳಿಕೊಟ್ಟು ನಾನು ಹೊಲಿದ ಲಂಗ ಒಂದು ಕಡೆ ಮೊಣಕಾಲಿಗೆ, ಇನ್ನೊಂದು ಕಡೆ ಪಾದಕ್ಕೆ ಬರುತ್ತಿತ್ತು. ಅದನ್ನು ನಮ್ಮಮ್ಮ ಒರೆಸುವ ಬಟ್ಟೆ ಮಾಡಿಕೊಂಡಳು.

ಅವರು ಕಲಿಸಿದ್ದು ದುಡ್ಡು. ಹಾಗಂತ ಯಾರೂ ವೇದಿಕೆಯ ಮೇಲೆ ಹೇಳುವುದಿಲ್ಲ. ಹೆಣ್ಣುಮಕ್ಕಳಿಗೆ ದುಡ್ಡು ಕಲಿಸಿದರು ಎಂದರೆ ಏನೋ ಕಡಿಮೆ ಮಾತು ಎಂಬ ಭಾವನೆ ನಮ್ಮವರಿಗೆ. ನಾನು ಅವರ ಶಿಷ್ಯೆ, ಜಡೆ ಊರಿನ ಕಿರಾಣಿ ಅಂಗಡಿಯವರ ಮಗಳು ಅಶ್ವಿನಿ. ಈಗ ಸೊರಬದಲ್ಲಿ ನನ್ನದೇ ಬಟ್ಟೆ ಅಂಗಡಿಯ ಗಲ್ಲಾದ ಮುಂದೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಕಡಿಮೆ ಮಾತು ಎನ್ನುವವರು ಬಂದು ನನ್ನ ಮುಂದೆ ಹೇಳಲಿ.

ವನಜಮ್ಮ ಟೀಚರ್ ಶಿಕಾರಿಪುರದವರು. ಅವರ ತಂದೆ ವೀರಬಸಪ್ಪನವರದು ದನದ ಸಂತೆಯ ಬಯಲಿಗೆ ಅಂಟಿಕೊಂಡಂತೆ ಹಿಂಡಿ ಬೂಸಾ ಅಂಗಡಿ. ಹತ್ತು ವರ್ಷಕ್ಕೇ ಈಕೆ ಗಲ್ಲಾದ ಹಿಂದಿನ ಸ್ಟೂಲಿನ ಮೇಲೆ ಕುಳಿತು ಚಿಲ್ಲರೆ ಕೊಡುತ್ತಿದ್ದರಂತೆ. ದೊಡ್ಡವಳಾದ ದಿನ ಅವರಪ್ಪ, 'ಇನ್ನು ಒಳಗಿರವ್ವಾ' ಎಂದು ಹೇಳಿ ಅದೇ ಸ್ಟೂಲಿನ ಮೇಲೆ ಇವರ ತಮ್ಮ ಚನ್ನೇಶನನ್ನು ಕೂರಿಸಿದರು. ಚನ್ನೇಶ ಒಬ್ಬ ಗಿರಾಕಿಗೆ ಎರಡೆರಡು ಸಲ ಚಿಲ್ಲರೆ ಕೊಡುವ ಪುಣ್ಯಾತ್ಮ. ಒಳಗೆ ಕುಳಿತ ಅಕ್ಕ ಗೋಡೆಯ ಈಚೆಯಿಂದ ಅದನ್ನು ಕೇಳಿಸಿಕೊಂಡು ಹಲ್ಲು ಕಡಿಯಬೇಕು. ಆ ಸ್ಟೂಲಿನ ಸಿಟ್ಟು ಅವರಿಗೆ ಇವತ್ತಿಗೂ ಇಳಿದಿಲ್ಲ. ಮುಂದೆ ಹೊಲಿಗೆ ಟೀಚರ್ ಕೆಲಸ ಖಾಲಿ ಇದೆ ಎಂದು ತಿಳಿದಾಗ, ಹೊಲಿಗೆಗಾಗಿ ಅಲ್ಲ, ಸಂಬಳ ಸ್ವಂತದ್ದು ಎಂದು ಸೇರಿಕೊಂಡರು. ಗಂಡ ಕೆಇಬಿಯಲ್ಲಿದ್ದರು. ಅವರು ತಮ್ಮ ಸಂಬಳವನ್ನೂ ತಂದು ಇವರ ಕೈಗಿಟ್ಟು, ಎಲೆಅಡಿಕೆಗೆ ಇವರ ಹತ್ತಿರವೇ ಕೇಳಿ ಇಸಿದುಕೊಳ್ಳುತ್ತಿದ್ದರು.

ನಾವು ಹತ್ತನೇ ಕ್ಲಾಸಿನಲ್ಲಿದ್ದದ್ದು ತೊಂಬತ್ತೈದು ತೊಂಬತ್ತಾರರಲ್ಲಿ. ಹೊಲಿಗೆ ಪೀರಿಯಡ್ಡಿನಲ್ಲಿ ಟೀಚರ್ ಮಿಷನ್ನಿನ ಮುಚ್ಚಳ ಹಾಕಿ ಅದರ ಮೇಲೆ ಕೈಯೂರಿ ನಿಂತರೆಂದರೆ ಪಾಠ ಶುರು. ಶಾಂಪೂ ಸ್ಯಾಶೆ ಯಾರ ಲಾಭಕ್ಕೆ, ಬಳೆ ಅಂಗಡಿಯವನು ಮೊದಲು ಹೇಳುವ ಬೆಲೆಗೂ ನಾವು ಎದ್ದು ಹೊರಟಾಗ ಹೇಳುವ ಬೆಲೆಗೂ ನಡುವೆ ಏನಿರುತ್ತದೆ, ಚೀಟಿ ಹಾಕುವ ಮುಂಚೆ ಯಾರ ಯಾರ ಮನೆ ನೋಡಬೇಕು, ಎಲ್ಲ ಬರುತ್ತಿತ್ತು. ಹತ್ತು ವರ್ಷ ತುಂಬಿದ ಮಕ್ಕಳು ಪೋಸ್ಟಾಫೀಸಿನಲ್ಲಿ ತಮ್ಮದೇ ಸಹಿ ಹಾಕಿ ಖಾತೆ ನಡೆಸಬಹುದು ಎಂಬ ವಿಷಯ ನಮ್ಮ ಅಪ್ಪಂದಿರಿಗೇ ಗೊತ್ತಿರಲಿಲ್ಲ. ಟೀಚರ್ ನಮ್ಮನ್ನೆಲ್ಲ ಸಾಲಾಗಿ ನಡೆಸಿಕೊಂಡು ಹೋಗಿ ಖಾತೆ ತೆರೆಸಿದರು. ಪೋಸ್ಟ್‌ಮಾಸ್ಟರು, 'ಎಂತ ಮೇಡಂ ಇದು, ಮೆರವಣಿಗೆಯಾ?' ಎಂದು ಕೇಳಿದ್ದು ನೆನಪಿದೆ.

ಅವರ ಎರಡು ಮಾತು ನಮಗೆ ಬಾಯಿಪಾಠ. ಒಂದು, ಬೆಲೆ ಹೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಿ, ಮುಂದಿನ ಮಾತು ಎದುರಿನವನು ಆಡಲಿ. ಇನ್ನೊಂದು, ಕೈಗೆ ಬಂದ ದುಡ್ಡು ಮೊದಲ ರಾತ್ರಿ ಮಲಗಬೇಕು. ಅವತ್ತೇ ಯಾರಿಗೂ ಕೊಡಬೇಡಿ, ಏನನ್ನೂ ಕೊಳ್ಳಬೇಡಿ. ಯಾರೇ ಕೇಳಲಿ, 'ನಾಳೆ ಕೇಳಿ' ಅನ್ನಿ. ಬೆಳಗ್ಗೆ ಎದ್ದಾಗ ನಿಮ್ಮ ಬುದ್ಧಿಯೂ ಎದ್ದಿರುತ್ತದೆ. ಮೊದಲನೆಯ ಪಾಠವನ್ನು ಹೇಳಿಕೊಟ್ಟ ಟೀಚರಿಗೇ ಅದು ಬರುತ್ತಿರಲಿಲ್ಲ. ಸೊಪ್ಪಿನವಳ ಹತ್ತಿರ ಬೆಲೆ ಹೇಳಿ, ಆಮೇಲೆ ಅವಳ ಮಗಳ ಬಾಣಂತನದ ತನಕ ಮಾತಾಡಿ, ಕೊನೆಗೆ ಅವಳು ಕೇಳಿದಷ್ಟು ಕೊಟ್ಟು ಬರುತ್ತಿದ್ದರು.

ಇನ್ನೊಂದು ವಿಚಿತ್ರ ಪಾಠವಿತ್ತು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಮತ್ತು ಮಾರುವವನ ಕೈಮೇಲೆ ಒಂದು ಟವೆಲ್ ಬೀಳುತ್ತದೆ, ಒಳಗೆ ಬೆರಳು ಹಿಡಿದು ಮಾತು ನಡೆಯುತ್ತದೆ. ಒಂದು ಬೆರಳಿಗೆ ಒಂದು, ಇಡೀ ಕೈಗೆ ಐದು. ನೂರೋ ಸಾವಿರವೋ ಎಂಬುದು ಎದುರಿಗೆ ನಿಂತ ದನ ನೋಡಿದರೇ ತಿಳಿಯುತ್ತದೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಟೀಚರ್ ಇದನ್ನು ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ ದಲ್ಲಾಳಿಗಳಿಂದ ಚಿಕ್ಕಂದಿನಲ್ಲೇ ಕಲಿತಿದ್ದರು. ನಮಗೂ ಕರವಸ್ತ್ರದ ಅಡಿ ಕೈ ಇಡಿಸಿ ಕಲಿಸಿದರು. ಒಂದು ದಿನ ಹೆಡ್‌ಮಾಸ್ಟರ್ ಗುರುಪ್ರಕಾಶ್ ಸರ್ ಒಳಗೆ ಬಂದರು. ಹುಡುಗಿಯರೆಲ್ಲ ಜೋಡಿ ಜೋಡಿಯಾಗಿ ಕೈ ಮುಚ್ಚಿಕೊಂಡು ಕುಳಿತಿದ್ದೇವೆ.

"ಇದೆಂತ ಹೊಲಿಗೆ ಮೇಡಂ?"

"ದನದ ವ್ಯಾಪಾರ ಸರ್."

ಸರ್ ಬಾಗಿಲು ಮುಂದೆ ಮಾಡಿ ಬಂದು, "ನಂಗೂ ಒಂಚೂರು ಹೇಳ್ಕೊಡಿ. ನಮ್ಮ ಮಾವ ಪ್ರತಿಸಲ ಟೋಪಿ ಹಾಕ್ತಾರೆ" ಎಂದರು. ಅಲ್ಲಿಂದ ಮುಂದೆ ನಮ್ಮ ಪಾಠಕ್ಕೆ ಯಾರ ಅಡ್ಡಿಯೂ ಇರಲಿಲ್ಲ.

ಪ್ರತಿ ಹುಡುಗಿಯೂ ಸ್ವಂತದ್ದು ಎನ್ನುವ ಏನನ್ನಾದರೂ ಒಂದನ್ನು ಬೆಳೆಸಿಯೋ ಮಾಡಿಯೋ ಮಾರಲೇಬೇಕು ಎಂಬುದು ಟೀಚರ ಕಟ್ಟಪ್ಪಣೆ. ನಾನು ಶಾವಿಗೆ ಮಾಡಿ ಅಪ್ಪನ ಅಂಗಡಿಯಲ್ಲಿ ಮಾರಲು ಇಟ್ಟೆ. ಅಪ್ಪ ನನ್ನ ಹತ್ತಿರ ಜಾಗದ ಬಾಡಿಗೆ ಕೇಳಿದರು. ನಾನು ಅತ್ತು ರಂಪ ಮಾಡಿ ಕೊಟ್ಟೆ. ಬಾಡಿಗೆ ಕೇಳಿ ಎಂದು ಅಪ್ಪನಿಗೆ ಹೇಳಿಕೊಟ್ಟವರು ಟೀಚರೇ ಎಂದು ಆಮೇಲೆ ಗೊತ್ತಾಯಿತು. ಆದರೆ ನಮ್ಮೆಲ್ಲರ ಶಾವಿಗೆ ಹಪ್ಪಳ ಸೇವಂತಿಗೆಯನ್ನು ಪಕ್ಕಕ್ಕೆ ತಳ್ಳಿದವಳು ಹೊಸಬಾಳೆಯ ಶ್ರೀಲತಾ. ಅವಳದು ಎಮ್ಮೆ.

ಶ್ರೀಲತಾ ಏಳನೇ ಕ್ಲಾಸಿನಲ್ಲಿದ್ದಾಗ ಕ್ಯಾಸನೂರಿನ ಅವಳ ಅಜ್ಜಿ ಬದುಕುವ ಭರವಸೆಯಿಲ್ಲದ ಒಂದು ಎಮ್ಮೆಗರುವನ್ನು ತೋರಿಸಿ, 'ಇದು ನಿನ್ನ ಹೆಸರಿಗೆ' ಎಂದಿದ್ದಳು. ಹೆಣ್ಣುಮಕ್ಕಳ ಹೆಸರಿಗೆ ಹೀಗೆ ಕರು ಬಿಡುವುದು ನಮ್ಮ ಕಡೆ ಇದ್ದದ್ದೇ. ಮಾರುವ ದಿನ ಮಾತ್ರ ದುಡ್ಡು ಅಪ್ಪನ ಜೇಬಿಗೆ ಹೋಗುತ್ತದೆ, ಹುಡುಗಿಗೆ ಒಂದು ಡಜನ್ ಬಳೆ ಬರುತ್ತದೆ. ಶ್ರೀಲತಾ ಆ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಿದಳು, ಶಾಲೆಯಿಂದ ಬಂದು ಹುಲ್ಲು ಕೊಯ್ದಳು, ಜ್ವರ ಬಂದಾಗ ಕೊಟ್ಟಿಗೆಯಲ್ಲೇ ಮಲಗಿದಳು. ನಾಲ್ಕನೇ ವರ್ಷಕ್ಕೆ ಅದು ಮೈತುಂಬಿಕೊಂಡು ಮೊದಲ ಗಬ್ಬವಾಗಿ ನಿಂತಿತು. ಮಾರಿದ ದುಡ್ಡಿನಲ್ಲಿ ಶಿಕಾರಿಪುರದಲ್ಲಿ ಪಿಯುಸಿ ಓದುವುದು ಅವಳ ಲೆಕ್ಕ. ಅವಳ ಅವ್ವ ಮೂಕಮ್ಮನ ತಂಗಿ ಅಲ್ಲೇ ಇದ್ದಳು. ಊಟದ ಖರ್ಚು ಕೊಟ್ಟರೆ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಮೂರೂವರೆ ಸಾವಿರಕ್ಕಿಂತ ಕಡಿಮೆ ಬಂದರೆ ಎರಡನೇ ವರ್ಷ ನಡುನೀರಿನಲ್ಲಿ ನಿಲ್ಲಬೇಕಾಗುತ್ತಿತ್ತು.

ಅಡ್ಡ ಬಂದದ್ದು ವಿಶ್ವಕಪ್. ಫೆಬ್ರವರಿಯಲ್ಲಿ ಕ್ರಿಕೆಟ್ ಶುರುವಾಗುವುದಿತ್ತು. ಶ್ರೀಲತಾಳ ಅಣ್ಣ ನಾಗರಾಜನಿಗೆ ತಲೆಯಲ್ಲಿ ಕ್ರಿಕೆಟ್ ಬಿಟ್ಟು ಬೇರೆ ಜಾಗವಿರಲಿಲ್ಲ. ಸೊರಬದ ಅಂಗಡಿಯಲ್ಲಿ ಟೀವಿಗೆ ಅಡ್ವಾನ್ಸ್ ಕೊಟ್ಟು, 'ಎಮ್ಮೆ ಮಾರಿದ ಸಂಜೆ ಬಂದು ಒಯ್ತೀನಿ' ಎಂದು ಹೇಳಿ ಬಂದಿದ್ದ. ಅಪ್ಪ ಸುಬ್ಬಪ್ಪ ಕೆಟ್ಟವರೇನಲ್ಲ, ತೀರಾ ಸಾಧು ಮನುಷ್ಯ. ಆದರೆ ಮಗ ಕೇಳಿದ್ದಕ್ಕೆ ಇಲ್ಲ ಎನ್ನಲು ಬಾರದವರು. ಮಗಳು ಕೇಳಿದ್ದಕ್ಕೂ ಹೂಂ ಎಂದಿದ್ದರು. ಒಂದು ಎಮ್ಮೆ, ಎರಡು ಹೂಂ. ದುಡ್ಡು ಒಂದು ಸಲ ಅಪ್ಪನ ಅಂಗಿಯ ಜೇಬಿಗೆ ಇಳಿದರೆ ಸಂಜೆಗೆ ಟೀವಿ ಆಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು.

ಬಯಲುಸೀಮೆಯ ಕೊಳ್ಳುವವರು ಬರುತ್ತಾರೆ, ಎರಡು ಕಾಸು ಹೆಚ್ಚು ಸಿಗುತ್ತದೆ ಎಂದು ಶಿಕಾರಿಪುರದ ಸಂತೆಯೇ ಆಗಲಿ ಎಂದವರು ಟೀಚರ್. ಸಂಕ್ರಾಂತಿ ಕಳೆದ ಮೇಲೆ ಒಂದು ಸಂತೆಯ ದಿನ ಸುಬ್ಬಪ್ಪ ಎಮ್ಮೆಯನ್ನು ಟೆಂಪೋದಲ್ಲಿ ತಂದರು. ಟೀಚರ್ ರಜೆ ಹಾಕಿ ಶ್ರೀಲತಾಳನ್ನೂ ನನ್ನನ್ನೂ ಬಸ್ಸಿನಲ್ಲಿ ಕರೆದುಕೊಂಡು ಬಂದರು. ದಾರಿಯುದ್ದಕ್ಕೂ ಒಂದೇ ಮಾತು.

"ಇವತ್ತು ನಾನು ಬಾಯಿ ತೆಗೆಯಂಗಿಲ್ಲ. ತೆಗೆದ್ರೆ ನೀವೇ ಮುಚ್ಚಿಸ್ರಿ."

"ಟೀಚರ್, ಅದು ನಮ್ಮ ಕೈಲಾಗಲ್ಲ" ಎಂದೆ ನಾನು.

ಸಂತೆಯಲ್ಲಿ ದಲ್ಲಾಳಿ ಹುಚ್ಚರಾಯಪ್ಪ ಎಮ್ಮೆಯ ಸುತ್ತ ಒಂದು ಸುತ್ತು ಬಂದು, ಹೊನ್ನಾಳಿ ಕಡೆಯ ಪುಟ್ಟಪ್ಪ ಎಂಬವರನ್ನು ಕರೆತಂದ. ಇಬ್ಬರೂ ಹಲ್ಲು ನೋಡಿದರು, ಕೆಚ್ಚಲು ಮುಟ್ಟಿ ನೋಡಿದರು. ಹುಚ್ಚರಾಯಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮೊದಲು ಪುಟ್ಟಪ್ಪನವರ, ಆಮೇಲೆ ಸುಬ್ಬಪ್ಪನವರ ಕೈಮೇಲೆ ಹಾಕಿದ. ಒಳಗೆ ಏನೋ ನಡೆಯಿತು. ಸುಬ್ಬಪ್ಪ ತಲೆ ಅಲ್ಲಾಡಿಸಿದರು, ಮತ್ತೆ ಅಲ್ಲಾಡಿಸಿದರು, ಮೂರನೇ ಸಲ ಹೂಂ ಎಂದರು. ಹುಚ್ಚರಾಯಪ್ಪ ಟವೆಲ್ ಕೊಡವಿ, "ಆತು ಬಿಡ್ರಿ, ಹಗ್ಗ ಬಿಚ್ರಿ" ಎಂದ.

ಹಗ್ಗ ಶ್ರೀಲತಾಳ ಕೈಯಲ್ಲಿತ್ತು.

"ಎಷ್ಟಪ್ಪಾ?" ಎಂದು ಕೇಳಿದಳು.

ಸುಬ್ಬಪ್ಪ ಆಚೀಚೆ ನೋಡಿದರು. ಟವೆಲ್ಲಿನ ಒಳಗಿನ ಮಾತನ್ನು ಎಲ್ಲರೆದುರು ಬಾಯಿಬಿಡುವುದು ಸಂತೆಯ ಪದ್ಧತಿಯಲ್ಲ. "ಮನೆಗೆ ಹೋಗಿ ಹೇಳ್ತೆ, ಬಿಡು ಮಗಾ" ಎಂದರು.

"ನಂಗೆ ಗೊತ್ತಿಲ್ದಿರೋ ಬೆಲೆಗೆ ನಾನು ಹಗ್ಗ ಬಿಡಲ್ಲ."

ಸುತ್ತ ಇದ್ದವರು ತಿರುಗಿ ನೋಡಿದರು. ಹುಚ್ಚರಾಯಪ್ಪ ನಗುತ್ತಲೇ, "ಸಣ್ಣ ಹುಡುಗಿ, ನಿಂಗ್ಯಾಕವ್ವ ಇದೆಲ್ಲ? ಅಪ್ಪನ ಹತ್ರ ಮಾತಾಗೈತಿ" ಎಂದ.

"ಎಮ್ಮೆ ನಂದು ಅಜ್ಜಾ. ನನ್ನ ಕೈ ಹಿಡಿದು ಹೇಳಿ, ನಂಗೂ ಬೆರಳಿನ ಲೆಕ್ಕ ಬರುತ್ತೆ" ಎಂದು ಅವಳು ಕೈ ಚಾಚಿದಳು.

ಹುಚ್ಚರಾಯಪ್ಪ ಬೆಂಕಿ ಮುಟ್ಟಿದವನ ಹಾಗೆ ಎರಡು ಹೆಜ್ಜೆ ಹಿಂದೆ ಸರಿದ. ಸಂತೆಯ ನಡುವೆ, ಟವೆಲ್ಲಿನ ಅಡಿ, ವಯಸ್ಸಿಗೆ ಬಂದ ಹುಡುಗಿಯ ಕೈ ಹಿಡಿಯುವುದೆಂದರೇನು! ಜನ ಗೊಳ್ಳೆಂದರು. ಹುಚ್ಚರಾಯಪ್ಪನ ಕಣ್ಣು ನಮ್ಮ ಟೀಚರ ಮೇಲೆ ಬಿತ್ತು. "ನೀವು ವೀರಬಸಪ್ಪನೋರ ಮಗಳಲ್ಲೇನ್ರಿ? ನೀವಾರ ಹೇಳ್ರಿ ಈ ಹುಡುಗಿಗೆ" ಎಂದ.

ನಾನು ಟೀಚರ ಮುಖ ನೋಡಿದೆ. ಆ ಬಯಲಿನ ಅಂಚಿನಲ್ಲೇ ಅವರ ಅಪ್ಪನ ಅಂಗಡಿ, ಒಳಗೆ ಅದೇ ಸ್ಟೂಲು. ಹೇಳಲು ಅವರ ಹತ್ತಿರ ನಲವತ್ತು ವರ್ಷದ ಮಾತಿತ್ತು. ಅವರು ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಹಲ್ಲಿನಲ್ಲಿ ಕಚ್ಚಿ ನಿಂತರು. ಅಷ್ಟು ಮಾತಿನ ಹೆಂಗಸು ಸುಮ್ಮನೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಕೈ ಹಿಡಿಯಕ್ಕಾಗದಿದ್ರೆ ಬಾಯಲ್ಲಿ ಹೇಳಿ" ಎಂದಳು ಶ್ರೀಲತಾ. "ನನ್ನ ಬೆಲೆ ನಾನು ಹೇಳ್ತೀನಿ. ನಾಲ್ಕೂವರೆ ಸಾವಿರ."

ಹೇಳಿ ಬಾಯಿ ಮುಚ್ಚಿದಳು.

ಹುಚ್ಚರಾಯಪ್ಪ ಬೈದ, ನಕ್ಕ, ಹೊರಡುವವನ ಹಾಗೆ ಮಾಡಿದ. ಅವಳು ಎಮ್ಮೆಯ ಕುತ್ತಿಗೆ ನೀವುತ್ತಾ ನಿಂತಿದ್ದಳು. ಏನಾದರೂ ಹೇಳೇ ಮಾರಾಯ್ತಿ ಎಂದು ನನಗೆ ಅನ್ನಿಸುತ್ತಿತ್ತು. ಅವಳು ಹೇಳಲಿಲ್ಲ. ಕೊನೆಗೆ ಪುಟ್ಟಪ್ಪನವರೇ ತಡೆಯಲಾರದೆ, "ಮೂರು ಸಾವ್ರಕ್ಕೆ ನಿಮ್ಮಪ್ಪ ಒಪ್ಪಿದ್ನಲ್ಲವ್ವಾ" ಎಂದುಬಿಟ್ಟರು. ಬೆಲೆ ಹೊರಗೆ ಬಿತ್ತು. ಬಿದ್ದದ್ದೇ ತಡ, ಹಿಂದೆ ನಿಂತಿದ್ದ ಇನ್ನೊಬ್ಬ ಕೊಳ್ಳುವವ, "ಮೂರಾ? ಗಬ್ಬದ ಎಮ್ಮೆ ಮೂರಕ್ಕಾದ್ರೆ ನಾನೇ ಮೂರೂವರೆ ಕೊಡ್ತೀನಿ" ಎಂದ. ಪುಟ್ಟಪ್ಪ ತಿರುಗಿ ಅವನನ್ನು ಕೆಕ್ಕರಿಸಿ ನೋಡಿ ಇನ್ನೂರು ಏರಿಸಿದರು. ಅವನು ಇನ್ನಷ್ಟು ಏರಿಸಿದ. ಟವೆಲ್ಲಿನ ಕತ್ತಲಿನಲ್ಲಿ ಮುಗಿದುಹೋಗುತ್ತಿದ್ದ ವ್ಯಾಪಾರ ಬಿಸಿಲಿಗೆ ಬಂದು ನಾಲ್ಕು ಸಾವಿರದ ನೂರಕ್ಕೆ ನಿಂತಿತು. ಆಗ ಅವಳು ಎರಡೇ ಮಾತು ಆಡಿದಳು. "ಆತು, ಕೊಡಿ."

ಪುಟ್ಟಪ್ಪನವರೇ ಕೊಂಡರು. ಶ್ರೀಲತಾ ದುಡ್ಡು ಎಣಿಸಿಕೊಂಡು, ದಲ್ಲಾಳಿಯ ಪಾಲನ್ನು ಎಲ್ಲರೆದುರಿಗೆ ಕೊಟ್ಟು, ಹಳೆಯ ಹಗ್ಗವನ್ನು ಬಿಚ್ಚಿ ತಾನೇ ಇಟ್ಟುಕೊಂಡಳು. ಎಮ್ಮೆ ಹೊಸ ಹಗ್ಗದಲ್ಲಿ ಹೋಗುವಾಗ ಒಂದು ಸಲ ತಿರುಗಿ ನೋಡಿತು. ಶ್ರೀಲತಾ ಆಗ ಅತ್ತಳು. ಟೀಚರ್ ಬಾಯಿಂದ ಸೆರಗು ತೆಗೆದು, ಅವಳನ್ನು ಅಪ್ಪಿಕೊಂಡು, ತಡೆದಿದ್ದ ಮಾತೆಲ್ಲವನ್ನೂ ಒಟ್ಟಿಗೇ ಆಡಿದರು. ಏನು ಹೇಳಿದರೆಂದು ಒಬ್ಬರಿಗೂ ಅರ್ಥವಾಗಲಿಲ್ಲ. ಆಮೇಲೆ ನಮಗೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದರು, ಹುಚ್ಚರಾಯಪ್ಪನಿಗೂ.

ಕಷ್ಟ ಇದ್ದದ್ದು ವಾಪಸ್ ಬರುವ ಬಸ್ಸಿನಲ್ಲಿ. ಸುಬ್ಬಪ್ಪ ಮಗಳ ಪಕ್ಕದಲ್ಲಿ ಕುಳಿತಿದ್ದರು. ನಾನೂ ಟೀಚರೂ ಮುಂದಿನ ಸೀಟಿನಲ್ಲಿ. ಬಸ್ಸು ಶಿರಾಳಕೊಪ್ಪ ದಾಟಿತು. ಸುಬ್ಬಪ್ಪ ಮೆಲ್ಲಗೆ ಕೈ ಚಾಚಿದರು.

"ಕೊಡು ಮಗಾ, ನಾ ಇಟ್ಕತ್ತೆ. ನಾಗರಾಜ ಸೊರಬದ ಬಸ್ ಸ್ಟ್ಯಾಂಡಲ್ಲೇ ಕಾಯ್ತಿರ್ತಾ."

ಸಂತೆಯಲ್ಲಿ ದಲ್ಲಾಳಿಗೆ ಎದುರು ನಿಲ್ಲುವುದು ಬೇರೆ, ಅಪ್ಪನ ಚಾಚಿದ ಕೈ ಬೇರೆ.

"ನಾಳೆ ಕೇಳಪ್ಪಾ" ಎಂದಳು ಶ್ರೀಲತಾ. "ಇವತ್ತು ದುಡ್ಡು ಮಲಗಬೇಕು."

ಸುಬ್ಬಪ್ಪನವರ ಕೈ ಹಾಗೇ ನಿಂತಿತು. ಬಸ್ಸಿನ ತುಂಬ ಜನ, ಪಕ್ಕದ ಸೀಟಿನವರು ಕಿವಿಗೊಟ್ಟಿದ್ದರು. ಎಲ್ಲರೆದುರು ಮಗಳಿಂದ ಇಲ್ಲ ಎನ್ನಿಸಿಕೊಂಡ ಅಪ್ಪನ ಮುಖ ನೋಡುವುದು ನನಗಾಗಲಿಲ್ಲ. ಅಷ್ಟರಲ್ಲಿ ಜನರ ನಡುವೆ ತೂರಿಕೊಂಡು ಟಿಕೆಟ್ಟಿಗೆ ಕಂಡಕ್ಟರ್ ಬಂದ. ಟೀಚರ್ ಪರ್ಸಿನೊಳಗೆ ಕೈಯಾಡಿಸಿ, ಹಿಂದೆ ತಿರುಗಿ, ಬಸ್ಸಿಗೆಲ್ಲ ಕೇಳುವಂತೆ, "ಅಯ್ಯೋ ಶ್ರೀಲತಾ, ಮಿರ್ಚಿಗೇ ಎಲ್ಲ ಖಾಲಿ ಆತಲ್ಲೇ! ನನ್ನ ಟಿಕೆಟ್ಟಿಗೆ ಹತ್ತು ರೂಪಾಯಿ ಕೊಡೇ, ಇಳಿದ ಕೂಡ್ಲೇ ಕೊಡ್ತೀನಿ" ಎಂದರು.

ಶ್ರೀಲತಾ ಸೊಂಟದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಿಮಗೂ ನಾಳೆನೇ ಟೀಚರ್" ಎಂದಳು.

ಮೊದಲು ನಕ್ಕವರು ಸುಬ್ಬಪ್ಪ. ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುವಿಗೇ ಇಲ್ಲ ಎಂದವಳು ಅಪ್ಪನಿಗೆ ಇಲ್ಲ ಎಂದರೆ ಅವಮಾನವೇನು ಬಂತು? ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡು ತಮ್ಮ ಜೇಬಿಗೆ ಹಾಕಿದರು, ಮಡಿಸಿದ ನೋಟು ತೆಗೆದು ಕಂಡಕ್ಟರನಿಗೆ ಕೊಟ್ಟರು.

"ಅಕ್ಕೋರ ಟಿಕೆಟ್ಟು ನಂದು. ನನ್ನ ಮಗಳು ಕೊಡಲ್ಲ ಮಾರಾಯಾ, ಅವಳು ಭಾರಿ ಗಟ್ಟಿ!"

ಆ ಮಾತಿನಲ್ಲಿ ಇದ್ದ ಹೆಮ್ಮೆ ಬಸ್ಸಿನ ಕೊನೆಯ ಸೀಟಿನ ತನಕ ಕೇಳಿಸಿತು. ಇನ್ನೊಂದು ಮಾತು ಹೇಳಬೇಕು. ಟೀಚರ ಪರ್ಸಿನಲ್ಲಿ ಐವತ್ತರ ನೋಟು ಮಡಿಸಿ ಇಟ್ಟದ್ದನ್ನು ಪಕ್ಕದಲ್ಲೇ ಕುಳಿತ ನಾನು ನೋಡಿದ್ದೆ. ಅವರು ನನ್ನ ತೊಡೆ ಚಿವುಟಿ ಕಿಟಕಿಯ ಕಡೆ ತಿರುಗಿಕೊಂಡರು.

ಮಾರನೆಯ ಬೆಳಗ್ಗೆ ಸೊರಬದ ಪೋಸ್ಟಾಫೀಸಿಗೆ ನಾವು ಹೋಗುವಷ್ಟರಲ್ಲಿ ಸುಬ್ಬಪ್ಪ ಮಗಳ ಜೊತೆ ಮೆಟ್ಟಿಲ ಮೇಲೆ ಕುಳಿತಿದ್ದರು. ನಾಗರಾಜ ರಾತ್ರಿ ಊಟ ಬಿಟ್ಟಿದ್ದನಂತೆ. ಬಿಡಲಿ. ಅವನು ವಿಶ್ವಕಪ್ಪನ್ನು ಪಕ್ಕದ ಮನೆಯಲ್ಲೇ ನೋಡಿದ, ಭಾರತ ಸೋತ ಸೆಮಿಫೈನಲ್ ದಿನ ಹೇಗೂ ಅಳಬೇಕಿತ್ತು, ಅಲ್ಲೇ ಅತ್ತ. ಪೋಸ್ಟ್‌ಮಾಸ್ಟರು ನೋಟಿನ ಕಟ್ಟನ್ನು ನೋಡಿ ಅಭ್ಯಾಸಬಲದಿಂದ ಫಾರಂ ಅನ್ನು ಅಪ್ಪನ ಕಡೆ ಸರಿಸಿದರು.

"ಎಲ್ಲಿ ಸುಬ್ಬಪ್ಪ, ಇಲ್ಲೊಂದು ಸಹಿ ಹಾಕಿ."

ಸುಬ್ಬಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನಂದಲ್ಲ ಮಾರಾಯ್ರೆ, ಅವಳದ್ದು. ಎಂತ ಕೇಳಕಿದ್ರೂ ಅವಳ್ನೇ ಕೇಳಿ."

ಶ್ರೀಲತಾ ಸಹಿ ಹಾಕಿದಳು. ಟೀಚರ್ ಅಲ್ಲೇ, ಕ್ಯೂನಲ್ಲಿ ನಿಂತವರೆಲ್ಲ ನೋಡುತ್ತಿರುವಾಗ, ಸೆರಗಿನಲ್ಲಿ ಮುಖ ಒತ್ತಿಕೊಂಡು ಜೋರಾಗಿ ಅತ್ತರು. ಇಷ್ಟು ವರ್ಷ ಕಲಿಸಿದ್ದಕ್ಕೆ ಇವತ್ತು ಸಂಬಳ ಬಂತು ನೋಡ್ರಿ ಎಂದು ಅಳುತ್ತಲೇ ಪೋಸ್ಟ್‌ಮಾಸ್ಟರಿಗೆ ಹೇಳಿದರು. ಹೊರಗೆ ಬಂದಾಗ ಸುಬ್ಬಪ್ಪ ಸ್ವಲ್ಪ ಹಿಂದೆ ನಿಂತು, ತಲೆ ಕೆರೆದುಕೊಂಡು, ಆಮೇಲೆ ಧೈರ್ಯ ಮಾಡಿದರು.

"ಅಕ್ಕೋರೆ, ನಿನ್ನೆ ಟಿಕೆಟ್ ದುಡ್ಡು... ರಾತ್ರಿ ಮಲಗಿ ಎದ್ದಾತಲ್ಲ, ಇವತ್ತು ಕೇಳಬೌದಾ?"

ಟೀಚರ್ ಕಣ್ಣೊರೆಸಿಕೊಂಡು ಪರ್ಸು ತೆರೆದರು. ಹತ್ತು ರೂಪಾಯಿಯನ್ನು ಅವರ ಕೈಗಿಟ್ಟು, ಅಂದಿನಿಂದ ನಿವೃತ್ತರಾಗುವ ತನಕ ಸಿಕ್ಕವರಿಗೆಲ್ಲ, ಹೊಸಬಾಳೆಯ ಸುಬ್ಬಪ್ಪನೂ ನನ್ನ ಸ್ಟೂಡೆಂಟೇ ಎಂದು ಹೇಳಿಕೊಂಡು ತಿರುಗಿದರು.